ಬಣ್ಣದ ದೊರೆಯ ಪರವಾಗಿ ಒಂದು ಅರ್ಜಿ

ಹೋದ ಭಾನುವಾರ ಬೆಳಿಗ್ಗೆ ಕಬ್ಬನ್‌ಪೇಟೆಯಲ್ಲಿ ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆ ಯಜಮಾನರು ನಮ್ಮನೆಗೆ ಬಂದಿದ್ದರು. ಎಪ್ಪತ್ತು ದಾಟಿದ ಜೀವ, ಕಣ್ಣು ಮಂಜು. ಆದರೂ ಕೋಲೂರಿಕೊಂಡು ಚಾಮರಾಜಪೇಟೆಯವರೆಗೂ ನಡೆದೇ ಬಂದಿದ್ದರು. ಜಗಲಿಯ ಮೇಲೆ ಕೂತು, ಸುಧಾರಿಸಿಕೊಂಡು, ಜೇಬಿನಿಂದ ಒಂದು ಲಕೋಟೆ ತೆಗೆದರು. "ಸೀಮೆಯಿಂದ ಕಾಗದ ಬಂದೈತೆ ಸ್ವಾಮಿ, ಓದಿ ಹೇಳಿ" ಅಂದರು. ಜರ್ಮನಿಯ ಅಂಚೆಚೀಟಿ. ಬರೆದವರು ಬಣ್ಣದ ದೊರೆಯ ತಂಗಿ, ಹರಕು ಮುರುಕು ಇಂಗ್ಲಿಷಿನಲ್ಲಿ. ಅಣ್ಣ ಈ ಚಳಿಗಾಲದಲ್ಲಿ ತೀರಿಕೊಂಡರು, ಎದೆಯ ಕಾಯಿಲೆ ಬಹಳ ದಿನದಿಂದ ಇತ್ತು, ಪೆಟ್ಟಿಗೆಯಲ್ಲಿ ನಿಮ್ಮ ವಿಳಾಸ ಸಿಕ್ಕಿತು, ಅದಕ್ಕೆ ತಿಳಿಸುತ್ತಿದ್ದೇನೆ ಅಂತ. ನಾಲ್ಕೇ ಸಾಲು.

ಯಜಮಾನರು ಲಕೋಟೆಯನ್ನು ಮತ್ತೆ ಜೇಬಿಗಿಟ್ಟುಕೊಂಡರು. ಆಮೇಲೆ, "ಅವರ ಮ್ಯಾಲೆ ನೀವು ಏನಾದ್ರೂ ಬರೀರಿ ಸ್ವಾಮಿ. ನೀವು ಬರೆದ್ರೆ ಚೆನ್ನಾಗಿರ್ತದೆ" ಅಂದು ಎದ್ದು ಹೋದರು.

ಚೆನ್ನಾಗಿ ಬರೆಯೋದು! ಅದೇ ಅಲ್ಲವೆ ನನಗಿದ್ದ ರೋಗ. ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಮೇಷ್ಟ್ರಾಗಿದ್ದವನು ನಾನು. ಪಾಠಕ್ಕಿಂತ ಹೆಚ್ಚಾಗಿ ಊರಿಗೆ ನಾನು ಗೊತ್ತಿದ್ದದ್ದು ಬಿನ್ನವತ್ತಳೆಯಿಂದ. ಅಮಲ್ದಾರರಿಗೆ ವರ್ಗವಾಗಲಿ, ಡಾಕ್ಟರು ಪೆನ್ಷನ್ ತಗೊಳ್ಳಲಿ, ಹೂವಿನ ಹಾರದ ಜೊತೆಗೆ ಚೌಕಟ್ಟು ಹಾಕಿಸಿ ಕೊಡುವ ಆ ಹೊಗಳಿಕೆಯ ಕಾಗದವನ್ನು ಬರೆಯೋದಕ್ಕೆ ಪೇಟೆಯ ಜನ ನನ್ನನ್ನೇ ಹುಡುಕಿಕೊಂಡು ಬರೋರು. ಇಂಗ್ಲಿಷಾದರೂ ಸೈ, ಕನ್ನಡವಾದರೂ ಸೈ. ನನ್ನ ಕೈಗೆ ಸಿಕ್ಕ ಅಮಲ್ದಾರರೆಲ್ಲ ದಾನದಲ್ಲಿ ಕರ್ಣ, ಧರ್ಮದಲ್ಲಿ ಯುಧಿಷ್ಠಿರ. ಲಂಚ ತಿಂದು ಜನರ ಶಾಪಕ್ಕೆ ಗುರಿಯಾದವರೂ ನನ್ನ ಕಾಗದದಲ್ಲಿ ಕಾಮಧೇನುಗಳೇ. ಓದುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು, ಹಾರ ಹಾಕಿಸಿಕೊಂಡು ಕೂತವರಿಗೂ ಗೊತ್ತು. ಯಾರೂ ಅದನ್ನು ಅಕ್ಷರಶಃ ತಗೊಳ್ಳೋದಿಲ್ಲ.

ಈ ಸಲ ಚೆನ್ನಾಗಿ ಬರೆಯಬಾರದು ಅಂತ ಗಟ್ಟಿ ಮನಸ್ಸು ಮಾಡಿ ಕೂತಿದ್ದೇನೆ. ಎಲ್ಲಾದರೂ ಹಳೇ ಚಾಳಿ ಇಣುಕಿದರೆ ಓದುವವರು ಕ್ಷಮಿಸಬೇಕು.

ಬಣ್ಣದ ದೊರೆಗೆ ಒಂದು ಹೆಸರಿತ್ತು. ನಮ್ಮ ನಾಲಿಗೆಗೆ ಹೊರಳುವಂಥದ್ದಲ್ಲ. ಪೇಟೆಯವರು ಒಂದೆರಡು ದಿನ ಪ್ರಯತ್ನಪಟ್ಟು ಕೈಬಿಟ್ಟರು. ಜರ್ಮನಿಯ ಬಣ್ಣದ ಪುಡಿ ಮಾರುವ ಕಂಪನಿಯೊಂದರ ಏಜೆಂಟರಾಗಿ ಅವರು ಬಂದಾಗ ಊರಿಗೆ ಇನ್ನೂ ಪ್ಲೇಗಿನ ಭಯ ಪೂರ್ತಿ ಹೋಗಿರಲಿಲ್ಲ. ಬಿಳಿಯರೆಲ್ಲ ಇಂಗ್ಲಿಷರ ಪಾಳೆಯವಿದ್ದ ದಂಡಿನ ಕಡೆ ಬಂಗಲೆ ಹಿಡಿದರೆ ಈ ಮನುಷ್ಯ ಚಾಮರಾಜಪೇಟೆಯ ಕೊನೇ ಸಾಲಿನಲ್ಲಿ, ಮನೆಗಳು ಮುಗಿದು ಹೊಲ ಶುರುವಾಗುವ ಕಡೆ, ಒಂದು ಹೆಂಚಿನ ಮನೆ ಹಿಡಿದರು. ಕೇಳಿದರೆ, "ದಂಡಿನಲ್ಲಿ ಯಾರೂ ನೂಲಿಗೆ ಬಣ್ಣ ಹಾಕಲ್ಲ, ಅಲ್ಲಿ ನನಗೇನು ಕೆಲಸ?" ಅನ್ನೋರು. ದಿನಾ ಬೆಳಿಗ್ಗೆ ಸೈಕಲ್ಲಿನ ಹಿಂದೆ ಪುಡಿ ಡಬ್ಬಿಗಳ ಪೆಟ್ಟಿಗೆ ಕಟ್ಟಿಕೊಂಡು ಕಬ್ಬನ್‌ಪೇಟೆ, ಮಾಮೂಲ್‌ಪೇಟೆ ಅಂತ ಹೊರಟರೆ ಊಟದ ಹೊತ್ತಿಗೆ ವಾಪಸು. ಕೈ ಮೊಣಕೈವರೆಗೂ ಒಂದಿನ ನೀಲಿ, ಒಂದಿನ ಅರಿಶಿನ, ಒಂದಿನ ಎಂಥದೋ ಕೆಂಪು. ನಮ್ಮ ಬೀದಿಯ ಹೆಂಗಸರು ಅವರ ಕೈ ನೋಡಿಯೇ ಆ ವಾರ ಪೇಟೆಯಲ್ಲಿ ಯಾವ ಬಣ್ಣದ ಸೀರೆ ನೇಯುತ್ತಿದ್ದಾರೆ ಅಂತ ಹೇಳೋರು.

ಬಣ್ಣದ ಮನೆಗಳಲ್ಲಿ ಅವರು ದೊರೆಯ ಹಾಗೆ ನಿಂತುಕೊಂಡು ಅಪ್ಪಣೆ ಕೊಟ್ಟದ್ದನ್ನು ನಾನು ನೋಡಲೇ ಇಲ್ಲ. ಅಂಗಿ ತೋಳು ಮಡಿಸಿ, ಹಂಡೆಯ ಮುಂದೆ ಕುಕ್ಕರುಗಾಲಲ್ಲಿ ಕೂರೋರು. ನೀರಿನ ಕಾವು ನೋಡೋದಕ್ಕೆ ಒಂದು ಗಾಜಿನ ಕೊಳವೆ ತಂದಿದ್ದರು. ನಮ್ಮ ಯಜಮಾನರು ಅದನ್ನು ನೋಡಿ ನಕ್ಕು, ಬೆರಳಿನಿಂದ ಒಂದು ಹನಿ ತೆಗೆದು ನಾಲಿಗೆಗೆ ಹಚ್ಚಿಕೊಂಡು, "ಹುಳಿ ಸಾಲದು ದೊರೆ, ಇನ್ನೊಂದು ಚಿಟಿಕೆ" ಅಂದರಂತೆ. ಸರಿಯಾಗಿತ್ತಂತೆ. ಅವತ್ತಿನಿಂದ ದೊರೆ ಕಾವಿಗೆ ಕೊಳವೆ, ಹುಳಿಗೆ ಯಜಮಾನರ ನಾಲಿಗೆ, ಹೀಗೆ ಇಬ್ಬರೂ ಒಪ್ಪಂದ ಮಾಡಿಕೊಂಡರು.

ಹೊಸ ಬಣ್ಣ ಹೇಗಿದೆ ಅಂತ ಯಾರಾದರೂ ಕೇಳಿದರೆ ಅವರು ಉತ್ತರವನ್ನೇ ಕೊಡುತ್ತಿರಲಿಲ್ಲ. ಬಣ್ಣ ಹಾಕಿದ ನೂಲಿನ ಲಡಿಯನ್ನು ಅರ್ಧ ಹೆಂಚಿನ ಕೆಳಗೆ, ಅರ್ಧ ಬಿಸಿಲಿಗೆ ಇಟ್ಟು ಎಂಟು ದಿನ ಬಿಡೋರು. "ಬಿಸಿಲು ಏನು ಹೇಳುತ್ತೋ ಕೇಳೋಣ ಇರಿ" ಅನ್ನೋರು. ಎಂಟು ದಿನ ಕಳೆದ ಮೇಲೆ ಎರಡು ಅರ್ಧವನ್ನೂ ಪಕ್ಕಪಕ್ಕದಲ್ಲಿ ಹಿಡಿದು ನೋಡಿ, ಆಮೇಲೆ ಒಂದು ಮಾತು. "ಪರವಾಗಿಲ್ಲ" ಅಂದರೆ ಅದೇ ದೊಡ್ಡ ಮೆಚ್ಚುಗೆ. ತಮ್ಮ ಕಂಪನಿಯ ಪುಡಿಯನ್ನೇ ಎಷ್ಟೋ ಸಲ "ಇದು ಬೇಡ, ಬಣ್ಣ ಹಾರುತ್ತೆ" ಅಂತ ವಾಪಸು ಕಳಿಸಿದ್ದುಂಟು. ಹೀಗೆ ಮಾಡುವ ಏಜೆಂಟನ್ನು ಕಂಪನಿ ಹೇಗೆ ಇಟ್ಟುಕೊಂಡಿತ್ತೋ ದೇವರಿಗೇ ಗೊತ್ತು.

ಕನ್ನಡ ಕಲಿತದ್ದು ಬಣ್ಣದ ಮನೆಗಳಲ್ಲಿ. ಹಾಗಾಗಿ ಅವರಿಗೆ ಗೊತ್ತಿದ್ದ ಕನ್ನಡ ಅಲ್ಲಿಯದೇ. ನಮ್ಮ ತಂದೆಯವರು ಮಡಿ ಉಟ್ಟು ಜಗಲಿಯಲ್ಲಿ ಕೂತಿದ್ದಾಗ ಸೈಕಲ್ ನಿಲ್ಲಿಸಿ, "ಏನಪ್ಪಾ, ಮುದ್ದೆ ಉಂಡ್ಯಾ?" ಅಂತ ತುಂಬ ಗೌರವದಿಂದ ವಿಚಾರಿಸಿದರು. ಜನ್ಮದಲ್ಲಿ ಮುದ್ದೆ ಮುಟ್ಟದ ವೈದಿಕರು ನಮ್ಮ ತಂದೆ. ಮನೆಯವರೆಲ್ಲ ಒಳಗೆ ಉಸಿರು ಬಿಗಿ ಹಿಡಿದು ನಿಂತಿದ್ದೆವು. ತಂದೆಯವರು ಒಂದು ಗಳಿಗೆ ಅವರ ನೀಲಿ ಕೈ ನೋಡಿ, "ಆಯ್ತಪ್ಪ, ನಿಂದಾಯ್ತಾ?" ಅಂದರು. ತಂದೆಯವರು ಸಾಯೋವರೆಗೂ ಇಬ್ಬರೂ ಇದೇ ಎರಡು ಮಾತು ಆಡಿಕೊಂಡಿದ್ದರು.

ನನಗೂ ಅವರಿಗೂ ಸ್ನೇಹವಾದದ್ದು ಡಬ್ಬಿಗಳ ಮೇಲೆ ಅಂಟಿಸುವ ಕನ್ನಡ ಚೀಟಿಯಿಂದ. ಏನು ಬರೆಯಬೇಕು ಅಂತ ಇಂಗ್ಲಿಷಿನಲ್ಲಿ ಹೇಳಿ, ಕನ್ನಡ ಮಾಡಿಕೊಡಿ ಅಂದರು. ನಾನು ಬಿಡುತ್ತೇನೆಯೆ? 'ಉದಯಿಸುವ ರವಿಯ ಕಾಂತಿಯನ್ನೂ ನಾಚಿಸುವ, ಸುಮಂಗಲಿಯರ ಸೌಭಾಗ್ಯವನ್ನು ನೂರ್ಮಡಿಗೊಳಿಸುವ' ಅಂತ ಒಂದು ಪುಟ ಬರೆದುಕೊಟ್ಟೆ. ಅವರು ಬೆರಳಿಟ್ಟು ನಿಧಾನವಾಗಿ ಓದಿಸಿಕೊಂಡರು. ಆಮೇಲೆ ಪೆನ್ಸಿಲು ತಗೊಂಡು ಪೂರ್ತಿ ಪುಟಕ್ಕೆ ಗೀಟು ಹಾಕಿದರು. "ಮೇಷ್ಟ್ರೇ, ಇದರಲ್ಲಿ ಕೆಂಪು ಎಲ್ಲಿದೆ? 'ಕೆಂಪು. ರೇಷ್ಮೆಗೆ ಮಾತ್ರ. ನೆರಳಲ್ಲಿ ಒಣಗಿಸಿ.' ಇಷ್ಟು ಬರೀರಿ ಸಾಕು." ನನಗೆ ಒಳಗೊಳಗೇ ಉರಿದುಹೋಯಿತು. ಈ ಸೀಮೆಯವರಿಗೆ ರಸ ಅನ್ನೋದೇ ಗೊತ್ತಿಲ್ಲ ಅಂದುಕೊಂಡೆ. ಆದರೂ ಹೋಗೋದು ಬಿಡಲಿಲ್ಲ. ಸಂಜೆ ಹೊತ್ತು ಅವರ ಮನೆ ಹಿತ್ತಲಲ್ಲಿ ಕೂತು ಮಾತಾಡುತ್ತಿದ್ದೆವು. ಹತ್ತು ಹನ್ನೊಂದು ವರ್ಷ ಹೀಗೇ ಕಳೆಯಿತು.

ಅಷ್ಟರಲ್ಲಿ ಇಂಗ್ಲಿಷರಿಗೂ ಜರ್ಮನಿಗೂ ಯುದ್ಧ ಬಂತು. ಮೊದಲು ನಮಗೇನೂ ಅನ್ನಿಸಲಿಲ್ಲ. ಎಲ್ಲೋ ಸಮುದ್ರದಾಚೆ ರಾಜರಾಜರ ಜಗಳ ಅಂದುಕೊಂಡೆವು. ಮೊದಲು ನಿಂತದ್ದು ಬಣ್ಣದ ಪುಡಿ. ಹಡಗು ಬರಲಿಲ್ಲ. ಆಮೇಲೆ ಅವರು ವಾರಕ್ಕೊಮ್ಮೆ ಪೊಲೀಸ್ ಠಾಣೆಗೆ ಹೋಗಿ ಮುಖ ತೋರಿಸಿ ಬರಬೇಕು ಅಂತ ಆಯಿತು. ಸೈಕಲ್ ತಗೊಂಡುಹೋದರು. ಊರಲ್ಲಿದ್ದ ಬೇರೆ ಜರ್ಮನಿಯವರನ್ನು ಒಬ್ಬೊಬ್ಬರನ್ನೇ ಅಹಮದ್‌ನಗರದ ಕಡೆ ಕ್ಯಾಂಪಿಗೆ ಕಳಿಸುತ್ತಿದ್ದಾರೆ ಅಂತ ಸುದ್ದಿ ಬಂತು. ಮುಳ್ಳುತಂತಿ, ತಗಡಿನ ಶೆಡ್ಡು, ಹಗಲೆಲ್ಲ ಧೂಳು. ದೊರೆಗೆ ಆಗಲೇ ಐವತ್ತರ ಹತ್ತಿರ. ಪುಡಿಯ ಧೂಳು ಕುಡಿದೂ ಕುಡಿದೂ ಎದೆ ಕೆಟ್ಟಿತ್ತು, ಮಾತಿಗೊಂದು ಕೆಮ್ಮು.

ಒಂದು ಸಂಜೆ ನಮ್ಮನೆಗೆ ನಡೆದುಕೊಂಡು ಬಂದರು. ದಂಡಿನ ಆಫೀಸಿನ ಸಾಹೇಬರೊಬ್ಬರು ಅವರ ವಯಸ್ಸು, ಕೆಮ್ಮು ನೋಡಿ, ಊರಿನ ಜನ ಇವನು ನಿರುಪದ್ರವಿ ಅಂತ ಬರೆದುಕೊಟ್ಟರೆ ಮನೆಯಲ್ಲೇ ಇರಲಿಕ್ಕೆ ಬಿಡಬಹುದು ಅಂದಿದ್ದರಂತೆ.

"ಚಿಕ್ಕದಾಗಿ ಬರೀರಿ ಮೇಷ್ಟ್ರೇ" ಅಂದರು. "ಇಂಥವನು ಇಷ್ಟು ವರ್ಷದಿಂದ ಇಲ್ಲಿದ್ದಾನೆ. ಬಣ್ಣ ಮಾರ್ತಾನೆ. ಯಾರ ತಂಟೆಗೂ ಹೋಗಲ್ಲ. ಅಷ್ಟೇ."

"ಅಷ್ಟೇ ಅಂದ್ರೆ ಹೇಗೆ ಸಾರ್?"

"ಅಷ್ಟೇ ಸಾಕು. ಕ್ಯಾಂಪಿಗೆ ಹೋದ್ರೆ ಈ ಎದೆ ತಡೆಯಲ್ಲ. ನನಗೆ ಜರ್ಮನಿಯಲ್ಲಾದ್ರೂ ಯಾರಿದ್ದಾರೆ ಹೇಳಿ, ಒಬ್ಬಳು ತಂಗಿ ಬಿಟ್ರೆ? ನಾನು ಇಲ್ಲೇ ಇರಬೇಕು."

ಅವರು ಏನನ್ನಾದರೂ ಬೇಕು ಅಂತ ಕೇಳಿದ್ದು ಅದೊಂದೇ ಸಲ. ನಾನು ಆಯಿತು ಅಂದೆ. ಆದರೆ ಅವರು ಆ ಕಡೆ ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ತಂಟೆಗೆ ಹೋಗಲ್ಲ! ಇದೊಂದು ಹೊಗಳಿಕೆಯೆ? ಒಬ್ಬ ಅಯೋಗ್ಯ ಅಮಲ್ದಾರನಿಗೆ ಎರಡು ಪುಟ ಬರೆದ ಕೈ, ಇಂಥ ಮನುಷ್ಯನಿಗೆ ಮೂರು ಸಾಲು ಬರೆಯುವುದೆ? ಸಾಹೇಬರು ಓದಿ, ಇವನಿಗೆ ಊರಲ್ಲಿ ಏನೂ ಬೆಲೆ ಇಲ್ಲ ಅಂದುಕೊಂಡುಬಿಟ್ಟರೆ? ಕೂತು ಬರೆದೆ. ಇಂಗ್ಲಿಷಿನಲ್ಲಿ, ದೊಡ್ಡ ಹಾಳೆಯಲ್ಲಿ, ನಾಲ್ಕು ಪುಟ.

ಮಾರನೇ ದಿನ ಬಣ್ಣದ ಮನೆಯಲ್ಲಿ ಜನ ಸೇರಿದ್ದರು. ಓದಿ, ಕನ್ನಡದಲ್ಲಿ ಅರ್ಥ ಹೇಳಿದೆ. ಯಜಮಾನರು ಕಣ್ಣು ಮುಚ್ಚಿ ಕೇಳಿದರು. "ಚೆನ್ನಾಗೈತೆ ಸ್ವಾಮಿ. ಆದ್ರೆ ನಮ್ಮ ಜನ ಅವರನ್ನ ಎಷ್ಟು ಹಚ್ಕೊಂಡವ್ರೆ ಅಂತ ಇನ್ನೂ ಒಸಿ ಬರಬೇಕಿತ್ತು" ಅಂದರು. ಸುತ್ತ ಇದ್ದವರೂ ಹೌದು ಹೌದು ಅಂದರು. ಇಷ್ಟು ಹೇಳಿದ ಮೇಲೆ ನನ್ನನ್ನು ತಡೆಯುವವರು ಯಾರು? ಅಲ್ಲೇ ಕೂತು ಇನ್ನೊಂದು ಸಾಲು ಸೇರಿಸಿದೆ. 'ಈ ಮಹನೀಯರ ಬಾಯಿಂದ ಒಂದು ಮಾತು ಹೊರಟರೆ ಸಾಕು, ಈ ಪಟ್ಟಣದ ಸಾವಿರಾರು ಕೈಗಳು ಒಟ್ಟಿಗೆ ಮೇಲೇಳುತ್ತವೆ. ಅವರ ಒಂದು ಕೂದಲು ಕೊಂಕುವುದಾದರೆ ನಾವು ಪ್ರಾಣವನ್ನು ಕೊಡಲೂ ಸಿದ್ಧರಿದ್ದೇವೆ.' ಓದಿ ಹೇಳಿದಾಗ ಇಬ್ಬರು ಮೂವರು ಕಣ್ಣೊರೆಸಿಕೊಂಡರು. ಸುಳ್ಳೇನೂ ಅಲ್ಲವಲ್ಲ, ನಮ್ಮಲ್ಲಿ ಪ್ರೀತಿ ಅಂದರೆ ಹೀಗೇ ಅಲ್ಲವೆ ಹೇಳೋದು.

ಹೆಬ್ಬೆಟ್ಟು ಒತ್ತುವುದಕ್ಕೆ ಶಾಯಿ ಬೇಕಾಗಲಿಲ್ಲ. ಕೆಲಸದಿಂದ ಎದ್ದು ಬಂದು ಒಬ್ಬೊಬ್ಬರು ತಮ್ಮ ಕೈಯಲ್ಲಿದ್ದ ಬಣ್ಣದಲ್ಲೇ ಒತ್ತಿದರು. ಕೆಂಪು, ನೀಲಿ, ಹಸಿರು, ಇನ್ನೂರಕ್ಕೂ ಮೇಲೆ. ನಾನು ಮಾತ್ರ ಸಹಿ ಹಾಕಲಿಲ್ಲ. ಸರ್ಕಾರಿ ನೌಕರ, ಯುದ್ಧದ ಕಾಲ, ನಿಮ್ಮ ಹೆಸರು ಬೇಡ ಸ್ವಾಮಿ ಅಂತ ಅವರೇ ಅಂದರು. ದೊರೆಗೆ ಒಂದು ಸಲ ತೋರಿಸಬಹುದಿತ್ತು. ತೋರಿಸಲಿಲ್ಲ. ತೋರಿಸಿದರೆ ಪೆನ್ಸಿಲು ತಗೊಳ್ಳುತ್ತಾರೆ ಅಂತ ನನಗೆ ಗೊತ್ತಿತ್ತು.

ಅರ್ಜಿಯನ್ನು ಒಬ್ಬಿಬ್ಬರು ಹೋಗಿ ಕೊಟ್ಟು ಬಂದಿದ್ದರೂ ಆಗುತ್ತಿತ್ತು. ದೊಡ್ಡವರ ಹತ್ತಿರ ಹಾಗೆ ಹೋದರೆ ಮರ್ಯಾದೆಯಲ್ಲ ಅಂತ ತಟ್ಟೆಯಲ್ಲಿ ಹಣ್ಣು ಕಾಯಿ, ಅದರ ಮೇಲೆ ಅರ್ಜಿ, ಮುಂದೆ ವಾಲಗ, ಹಿಂದೆ ಇನ್ನೂರು ಜನ. ಕಬ್ಬನ್‌ಪೇಟೆಯಿಂದ ದಂಡಿನವರೆಗೂ ಮೆರವಣಿಗೆ. ಯುದ್ಧದ ಕಾಲದಲ್ಲಿ, ಜರ್ಮನಿಯವನೊಬ್ಬನ ಪರವಾಗಿ! ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಅವತ್ತು ಒಬ್ಬನಿಗಾದರೂ, ಓದಿದವನು ಅನ್ನಿಸಿಕೊಂಡ ನನಗಾದರೂ, ಅದು ಹೊಳೆಯಲಿಲ್ಲ.

ನಾಲ್ಕನೇ ದಿನ ಹುಕುಂ ಬಂತು. ಮೂರು ದಿನದೊಳಗೆ ಕ್ಯಾಂಪಿಗೆ.

ಅದೇ ಸಂಜೆ ಆ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದ ನನ್ನ ಸಹಪಾಠಿ ಮನೆಗೆ ಬಂದ. ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ. "ಏನೋ ಬರೆದಿದೀಯ ನೀನು? ಅಕ್ಷರ ನಿಂದೇ, ನನಗೆ ಗೊತ್ತಾಗಲ್ವಾ?" ಅಂದ. ಸಾಹೇಬರು ಬಿಡುವ ಮನಸ್ಸಿನಲ್ಲೇ ಇದ್ದರಂತೆ. ಅರ್ಜಿ ಓದುತ್ತಾ ಓದುತ್ತಾ ಒಂದು ಸಾಲಿನ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದರಂತೆ. ಎದ್ದು ಕಿಟಕಿಯ ಹತ್ತಿರ ಹೋಗಿ ಹೊರಗೆ ನಿಂತಿದ್ದ ಜನರನ್ನು ನೋಡಿದರಂತೆ. "ಇವನ ಒಂದು ಮಾತಿಗೆ ಸಾವಿರ ಕೈ ಏಳುತ್ತೆ ಅಂತ ಇವರೇ ಬರೆದುಕೊಟ್ಟಿದ್ದಾರೆ. ಇಂಥವನನ್ನ ಊರಲ್ಲಿ ಬಿಡೋದೆ?" ಅಂದರಂತೆ.

"ಬರೆದವನು ಯಾರು ಅಂತ ಹುಡುಕಿಸ್ತಿದಾರೆ" ಅಂದ ನನ್ನ ಸ್ನೇಹಿತ. "ನೌಕರಿ ಒಂದೇ ಅಲ್ಲ, ಜೈಲೂ ಆಗಬಹುದು. ಬಾಯಿ ಮುಚ್ಕೊಂಡಿರು."

ಆ ಮೂರು ದಿನದಲ್ಲಿ ದೊರೆ ಸಾಮಾನು ಕಟ್ಟಲಿಲ್ಲ. ಉಳಿದಿದ್ದ ಪುಡಿಯನ್ನು ತೂಗಿ ತೂಗಿ ಪ್ರತಿಯೊಂದು ಬಣ್ಣದ ಮನೆಗೂ ಸಮನಾಗಿ ಹಂಚಿದರು. ಅದು ಮುಗಿದ ಮೇಲೆ ಏನು ಮಾಡುತ್ತೀರಿ ಅಂತ ಹಳಬರನ್ನೆಲ್ಲ ಕೂರಿಸಿಕೊಂಡು, ತಾತಂದಿರ ಕಾಲದಲ್ಲಿ ಅರಗು, ದಾಳಿಂಬೆ ಸಿಪ್ಪೆ, ಅರಿಶಿನ ಹೇಗೆ ಹಾಕುತ್ತಿದ್ದರು ಅಂತ ಒಬ್ಬೊಬ್ಬರ ನೆನಪು ಕೆದಕಿದರು. "ನಾನು ಬಂದು ನಿಮಗೆ ಇದನ್ನೆಲ್ಲ ಮರೆಸಿಬಿಟ್ಟೆ" ಅಂತ ಬೇಜಾರು ಮಾಡಿಕೊಂಡರಂತೆ. ಇದನ್ನೆಲ್ಲ ಯಜಮಾನರು ಹೇಳಿದ್ದು. ನಾನು ಹೋಗಲಿಲ್ಲ. ಸ್ಟೇಷನ್ನಿಗೆ ಪೇಟೆಯ ಅರ್ಧ ಜನ ಹೋಗಿದ್ದರು. ನಾನು ತಲೆನೋವು ಅಂತ ಮನೆಯಲ್ಲಿ ಹೊದ್ದು ಮಲಗಿದ್ದೆ. ರೈಲು ಹತ್ತುವಾಗ, "ಮೇಷ್ಟ್ರು ಬರಲಿಲ್ಲವಾ?" ಅಂತ ಕೇಳಿದರಂತೆ.

ಹದಿನೈದು ದಿನವಾದ ಮೇಲೆ ಯಜಮಾನರು ನಾಲ್ಕು ಜನರ ಜೊತೆ ಬಂದರು. "ನಮ್ಮ ಅರ್ಜಿ ಸಾಲದಾಯ್ತು ಸ್ವಾಮಿ. ಹೆಬ್ಬೆಟ್ಟು ಕಮ್ಮಿ ಆಯ್ತೇನೋ. ಈ ಸಲ ಐನೂರು ಜನ ಒತ್ತಿಸ್ತೀವಿ. ಇನ್ನೂ ಗಟ್ಟಿಯಾಗಿ ಒಂದು ಬರೆದುಕೊಡಿ" ಅಂದರು.

ಆಗಲಾದರೂ ನಿಜ ಹೇಳಬಹುದಿತ್ತು. ಗಟ್ಟಿಯಾಗಿ ಅಲ್ಲ ಯಜಮಾನರೇ, ಚಿಕ್ಕದಾಗಿ ಬರೆಯೋಣ, ಅವರು ಹೇಳಿದ ಆ ಮೂರು ಸಾಲು ಬರೆಯೋಣ, ನಾನೇ ಸಹಿ ಹಾಕುತ್ತೇನೆ ಅನ್ನಬಹುದಿತ್ತು. ಬೇರೆ ಊರುಗಳಲ್ಲಿ ಕಾಯಿಲೆಯವರನ್ನು ಹಾಗೆ ಬಿಟ್ಟದ್ದುಂಟು ಅಂತ ಆಮೇಲೆ ಕೇಳಿದೆ. ಆದರೆ ನನಗೆ ನೌಕರಿ, ಹೆಂಡತಿ, ಮೂರು ಮಕ್ಕಳು, ಕೆಂಪು ಪೆನ್ಸಿಲು. "ನನಗೆ ಈಗ ಕಣ್ಣು ನೋವು, ಬರೆಯೋಕಾಗಲ್ಲ" ಅಂದೆ. ಅವರು ಕೈ ಮುಗಿದು ಹೋದರು. ಮೊದಲನೇದು ಬುದ್ಧಿ ಇಲ್ಲದೆ ಮಾಡಿದ್ದು, ಅದನ್ನು ದೇವರು ಕ್ಷಮಿಸಬಹುದು. ಇದನ್ನು ಬುದ್ಧಿ ಇಟ್ಟುಕೊಂಡೇ ಮಾಡಿದೆ.

ಒಂದು ತಿಂಗಳು ಬಾಗಿಲು ತಟ್ಟಿದ ಸದ್ದಾದರೆ ಸಾಕು, ಹಿತ್ತಲ ಬಾಗಿಲಿಗೆ ಓಡುತ್ತಿದ್ದೆ. ಆಮೇಲೆ ಆ ಸ್ನೇಹಿತ ಸಿಕ್ಕಿ, "ನಿನ್ನ ಅದೃಷ್ಟ ಕಣೋ, ಹುಡುಕೋದು ನಿಲ್ಲಿಸಿದ್ರು. ಯಾಕೋ ಗೊತ್ತಿಲ್ಲ" ಅಂದ. ನಾನು ಬಸವನಗುಡಿಗೆ ಹೋಗಿ ದೊಡ್ಡ ಗಣೇಶನಿಗೆ ಹರಕೆ ಹೊತ್ತಿದ್ದ ನೂರೊಂದು ಕಾಯಿ ಒಡೆಸಿದೆ. ವಿಘ್ನ ಕಳೆಯಿತು ಅಂತ ಮನೆಯಲ್ಲಿ ಹೋಳಿಗೆ ಮಾಡಿದ್ದರು. ತಿಂದೆ.

ದೊರೆ ಆ ಕ್ಯಾಂಪಿನಲ್ಲಿ ಐದು ವರ್ಷ ಇದ್ದರು. ಯುದ್ಧ ಮುಗಿದ ಮೇಲೂ ಬೆಂಗಳೂರಿಗೆ ಬರಲು ಬಿಡಲಿಲ್ಲ. ಅಲ್ಲಿಂದಲೇ ಹಡಗು ಹತ್ತಿಸಿದರು. ಒಂದು ವರ್ಷ ಬಿಟ್ಟು ಜರ್ಮನಿಯಿಂದ ಯಜಮಾನರ ಹೆಸರಿಗೆ ಅವರ ಕಾಗದ ಬಂತು. ಇಂಗ್ಲಿಷಿನಲ್ಲಿ ಬಂದ ಕಾಗದ ಪೇಟೆಯಲ್ಲಿ ಯಾರ ಹತ್ತಿರ ಹೋಗುತ್ತೆ? ನನಗೆ ಕರೆ ಬಂತು. ಬಣ್ಣದ ಮನೆಯಲ್ಲಿ ಹದಿನೈದು ಇಪ್ಪತ್ತು ಜನ ಕೆಲಸ ಬಿಟ್ಟು ಕೂತಿದ್ದರು. ನಾನು ನಿಂತುಕೊಂಡು ಒಂದೊಂದೇ ಸಾಲು ಓದಿ ಅರ್ಥ ಹೇಳುತ್ತಾ ಹೋದೆ. ತಂಗಿಯ ಮನೆಯಲ್ಲಿದ್ದೇನೆ, ಇಲ್ಲಿ ತುಂಬ ಚಳಿ, ಕೆಮ್ಮು ಜಾಸ್ತಿಯಾಗಿದೆ, ಕೆಲಸವೇನೂ ಇಲ್ಲ. ಅರಗಿನ ಕೆಂಪು ಬಿಸಿಲಿಗೆ ನಿಂತಿತಾ? ಯಜಮಾನರ ನಾಲಿಗೆ ಹೇಗಿದೆ? ಅಂತ. ಎಲ್ಲರೂ ನಕ್ಕರು. ಕೆಲವರು ಅತ್ತರು.

ಪುಟ ತಿರುಗಿಸಿದೆ. ಅಲ್ಲಿ ಹೀಗಿತ್ತು: 'ಈ ಕಾಗದವನ್ನು ನಿಮಗೆ ಓದಿ ಹೇಳುತ್ತಿರುವ ಮೇಷ್ಟ್ರಿಗೆ ಒಂದು ಮಾತು. ಆ ಅರ್ಜಿಯನ್ನು ಬರೆದವರು ಯಾರು ಅಂತ ಕ್ಯಾಂಪಿನಲ್ಲಿ ನನ್ನನ್ನು ಕೇಳಿದರು. ನಾನೇ ಬರೆದು, ಪೇಟೆಯವರಿಂದ ಹೆಬ್ಬೆಟ್ಟು ಒತ್ತಿಸಿದೆ ಅಂದೆ. ನಂಬಿದರು. ಅದಕ್ಕೇ ಕಾಯಿಲೆ ಅಂತ ಕೇಳಿಕೊಂಡಾಗಲೂ ನನ್ನನ್ನು ಬಿಡಲಿಲ್ಲ, ಹೋಗಲಿ. ಮೇಷ್ಟ್ರ ನೌಕರಿ ಉಳಿಯಿತು ತಾನೆ?'

ಕಣ್ಣಿನಲ್ಲಿ ಓದಿದೆ. ಬಾಯಿಗೆ ಬರಲಿಲ್ಲ. ಅಷ್ಟೂ ಜನ ನನ್ನ ಮುಖ ನೋಡುತ್ತಿದ್ದರು. ಕಾಗದವನ್ನು ಮಡಿಸಿದೆ.

"ಅಷ್ಟೇನಾ ಸ್ವಾಮಿ?" ಅಂದರು ಯಜಮಾನರು.

"ಅಷ್ಟೇ" ಅಂದೆ.

ಅವರು ನನ್ನ ಕೈಯಿಂದ ಕಾಗದ ಇಸಕೊಂಡು, ಎರಡೂ ಕಣ್ಣಿಗೆ ಒತ್ತಿಕೊಂಡು, ದೇವರ ಗೂಡಿನಲ್ಲಿ ಇಟ್ಟರು. ಈಗಲೂ ಅದು ಅಲ್ಲೇ ಇದೆ. ಪ್ರತಿ ಶುಕ್ರವಾರ ಅದಕ್ಕೂ ಕುಂಕುಮ ಹಚ್ಚುತ್ತಾರಂತೆ.